ಬಾಗಿದ ನೆಲವನ್ನು ಅಳೆದ ಲ್ಯಾಂಬ್ಟನ್

ರಾಯಚೂರು, ದೇವದುರ್ಗ ಮತ್ತು ಮಾನ್ವಿ ಪಟ್ಟಣಗಳನ್ನು ನಕ್ಷೆಯ ಮೇಲೆ ಮೂರು ಗೆರೆಗಳಿಂದ ಜೋಡಿಸಿದರೆ ಒಂದು ತ್ರಿಕೋನವಾಗುತ್ತದೆ. ರಾಯಚೂರು–ಮಾನ್ವಿ ಬಾಹು 40 ಕಿಲೋಮೀಟರಿನ ಆಸುಪಾಸು. ಉಳಿದೆರಡು ಬಾಹುಗಳು 50ರ ಆಸುಪಾಸು. ಇದು ರಸ್ತೆಯ ದೂರವಲ್ಲ, ನೆಲದ ಮೇಲೆ ದಾರ ಬಿಗಿದಂತೆ ಅಳೆದರೆ ಬರುವ ಕನಿಷ್ಠ ದೂರ. ಯಾವುದೇ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ನಾವೆಲ್ಲ ಹೈಸ್ಕೂಲಿನಲ್ಲಿ ಕಲಿತಿದ್ದೇವೆ. ಆದರೆ ಈ ಮೂರು ಊರುಗಳಲ್ಲಿ ನಿಂತು ಅತ್ಯಂತ ನಿಖರವಾದ ಉಪಕರಣದಿಂದ ಕೋನಗಳನ್ನು ಅಳೆದು ಕೂಡಿಸಿದರೆ ಮೊತ್ತ 180 ಡಿಗ್ರಿಯ ಮೇಲೆ ಸುಮಾರು 5 ಸೆಕೆಂಡು ಬರುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ಸೆಕೆಂಡು ಎಂದು ಹೆಸರು. ಒಂದು ರೂಪಾಯಿ ನಾಣ್ಯವನ್ನು ಒಂದು ಕಿಲೋಮೀಟರ್ ದೂರದಲ್ಲಿ ಹಿಡಿದರೆ ಅದು ಎಷ್ಟು ಅಗಲ ಕಂಡೀತೋ ಈ ಹೆಚ್ಚುವರಿ ಸುಮಾರಾಗಿ ಅಷ್ಟು. ಬಾಗಿದ ಮೈಯ ಮೇಲೆ ಎಳೆದ ತ್ರಿಕೋನ ತುಸು ಉಬ್ಬಿಕೊಳ್ಳುತ್ತದೆ. ಭೂಮಿ ಚಪ್ಪಟೆಯಾಗಿಲ್ಲ ಎಂಬುದಕ್ಕೆ ನಮ್ಮದೇ ಜಿಲ್ಲೆಯೊಳಗಿನ ಸಾಕ್ಷಿ ಇದು.

ಇಂಥ ಸಣ್ಣ ಉಬ್ಬುಗಳನ್ನೂ ಲೆಕ್ಕಕ್ಕೆ ಹಿಡಿದು ಕನ್ಯಾಕುಮಾರಿಯ ಸಮೀಪದಿಂದ ಬೀದರಿನವರೆಗೆ, ಅಲ್ಲಿಂದ ನಾಗಪುರದ ದಿಕ್ಕಿಗೆ ಭಾರತದ ನೆಲವನ್ನು ಅಳೆಯುತ್ತ ಹೋದವನು ವಿಲಿಯಂ ಲ್ಯಾಂಬ್ಟನ್. ಆತನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್‌ನ ಹೆಸರು ಶಿಖರವೊಂದರ ದೆಸೆಯಿಂದ ಶಾಲಾಮಕ್ಕಳ ಬಾಯಲ್ಲೂ ಇದೆ. ಲ್ಯಾಂಬ್ಟನ್‌ನ ಹೆಸರು ಸರ್ವೇ ಇಲಾಖೆಯವರಿಗೆ, ಇತಿಹಾಸದ ಓದುಗರಿಗೆ ಗೊತ್ತು. ಆತನ ಮೊದಲ ಅಳತೆ ನಡೆದದ್ದು ಬೆಂಗಳೂರಿನಲ್ಲಿ, ಬಾಳಿನ ದೊಡ್ಡ ಕೆಲಸದ ಬಹುಭಾಗ ನಡೆದದ್ದು ಕನ್ನಡನಾಡಿನ ಉದ್ದಕ್ಕೆ ಮತ್ತು ಅದರ ಪೂರ್ವದ ಅಂಚಿಗೆ ಎಂಬುದನ್ನು ನೆನೆದರೆ ನಾವು ಆತನನ್ನು ಇನ್ನಷ್ಟು ಬಲ್ಲವರಾಗಿರಬೇಕಿತ್ತು.

ಲ್ಯಾಂಬ್ಟನ್ 1750ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ನಾರ್ತಲರ್ಟನ್ ಪಟ್ಟಣದ ಬಳಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ. ಗಣಿತದಲ್ಲಿ ಚುರುಕಾಗಿದ್ದ ಹುಡುಗ ಸೈನ್ಯ ಸೇರಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಪಡೆ ಶರಣಾದಾಗ ಸೆರೆಯಾದ. ಬಿಡುಗಡೆಯಾದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೈನಿಕ ವಸತಿಗಳ ಮೇಲ್ವಿಚಾರಕನಾಗಿ ಹತ್ತಕ್ಕೂ ಹೆಚ್ಚು ವರ್ಷ ಕಳೆದ. ಬಡ್ತಿಯಿಲ್ಲದ, ಯಾರ ಕಣ್ಣಿಗೂ ಬೀಳದ ಹುದ್ದೆ. ಆ ವರ್ಷಗಳಲ್ಲಿ ಆತ ಭೂಮಿಯ ಆಕಾರವನ್ನು ಕುರಿತ ಯುರೋಪಿನ ಗ್ರಂಥಗಳನ್ನು ಓದಿಕೊಂಡ. ಸೂರ್ಯಗ್ರಹಣವನ್ನು ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡನೆಂದು ಹೇಳುತ್ತಾರೆ. ಮುಂದೆ ದೂರದರ್ಶಕದ ಹಿಂದೆಯೇ ಬಾಳು ಸವೆಸಬೇಕಾಗಿದ್ದವನಿಗೆ ಒಂದೇ ಕಣ್ಣು! ನಲವತ್ತು ದಾಟಿದ ಮೇಲೆ, 1790ರ ದಶಕದ ಉತ್ತರಾರ್ಧದಲ್ಲಿ ತನ್ನ 33ನೇ ರೆಜಿಮೆಂಟನ್ನು ಕೂಡಿಕೊಳ್ಳಲು ಭಾರತಕ್ಕೆ ಬಂದ. ಆ ರೆಜಿಮೆಂಟಿನ ದಂಡನಾಯಕ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು. ಆತನ ಅಣ್ಣನೇ ಆಗ ಗವರ್ನರ್ ಜನರಲ್. ಲ್ಯಾಂಬ್ಟನ್‌ನ ಮುಂದಿನ ಭಾಗ್ಯದಲ್ಲಿ ಪ್ರತಿಭೆಯ ಪಾಲಿನಷ್ಟೇ ಈ ಪರಿಚಯದ ಪಾಲೂ ಇದೆ. ಆಡಳಿತವನ್ನು ಒಳಗಿನಿಂದ ಕಂಡವರಿಗೆ ಇದು ಹೊಸ ವಿಷಯವೇನಲ್ಲ.

1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಆತ ಜನರಲ್ ಬೇರ್ಡ್‌ನ ಸಹಾಯಕಾಧಿಕಾರಿ. ಒಂದು ರಾತ್ರಿ ದಾಳಿಯಲ್ಲಿ ದಂಡು ದಾರಿ ತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ಸಾಗುತ್ತಿದೆ ಎಂಬುದನ್ನು ನಕ್ಷತ್ರಗಳನ್ನು ನೋಡಿಯೇ ಕಂಡುಹಿಡಿದು ಎಚ್ಚರಿಸಿದವನು ಲ್ಯಾಂಬ್ಟನ್ ಎಂಬ ಕಥೆ ಆತನ ಚರಿತ್ರೆಗಳಲ್ಲೆಲ್ಲ ಇದೆ. ಮೇ 4ರಂದು ಪಟ್ಟಣ ಬಿತ್ತು. ಸಾಮ್ರಾಜ್ಯಕ್ಕೆ ದೊಡ್ಡ ಭೂಭಾಗ ದಕ್ಕಿತು, ದಕ್ಕಿದ್ದು ಎಷ್ಟೆಂಬುದು ಮಾತ್ರ ಅದಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಮೈಸೂರಿನ ಊರು, ಕೆರೆ, ಶಾಸನಗಳ ವಿವರ ಕಲೆಹಾಕುವ ಮೋಜಣಿಯನ್ನು ಕಾಲಿನ್ ಮೆಕೆಂಜಿಗೆ ವಹಿಸಲಾಯಿತು. ಲ್ಯಾಂಬ್ಟನ್ ಕೇಳಿದ್ದು ಬೇರೆಯದನ್ನು: ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಒಂದು ಸರಣಿ, ಅದಕ್ಕೆ ಅಡ್ಡವಾಗಿ ದಕ್ಷಿಣೋತ್ತರ ಇನ್ನೊಂದು ಸರಣಿ. ಮೊದಲನೆಯದು ನಕ್ಷೆಗಾಗಿ. ಎರಡನೆಯದು ಭೂಮಿಯ ಆಕಾರವನ್ನು ತಿಳಿಯುವುದಕ್ಕಾಗಿ. ಮನಸ್ಸಿದ್ದದ್ದು ಎರಡನೆಯದರ ಮೇಲೆ. ಸರ್ಕಾರದ ಮುಂದೆ ಮುಂದಿಟ್ಟದ್ದು ಮೊದಲನೆಯದನ್ನು.

ಮದರಾಸಿನಲ್ಲಿ ಆಕ್ಷೇಪ ಎದ್ದಿತು. ಹಣಕಾಸು ನೋಡಿಕೊಳ್ಳುತ್ತಿದ್ದ ಒಬ್ಬ ಅಧಿಕಾರಿಯ ವಾದ ಸರಳವಾಗಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರಾಯಿತು, ಅವರಿಗೆ ದಾರಿ ಗೊತ್ತು. ಅದಕ್ಕಾಗಿ ನಕ್ಷತ್ರ ನೋಡುವ ಖರ್ಚೇಕೆ? ಈ ವಾದವನ್ನು ನಗುತ್ತ ತಳ್ಳಿಹಾಕುವುದು ಸುಲಭ. ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನನಗೆ ಅದು ಅಷ್ಟು ಅಸಂಬದ್ಧವೆನಿಸುವುದಿಲ್ಲ. ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಪ್ರವಾಸ ಮಾಡಿದ ನೌಕರನ ಭತ್ಯೆಯ ಬಿಲ್ಲಿನಲ್ಲೂ ಅತಿ ಹತ್ತಿರದ ಮಾರ್ಗ ಎಂಬ ಮಾತು ಬರುತ್ತದೆ. ಅದರ ಅರ್ಥ ರಸ್ತೆಯ ಕಿಲೋಮೀಟರು ಕಲ್ಲುಗಳ ಲೆಕ್ಕ, ಅಷ್ಟೇ. ದೇವದುರ್ಗಕ್ಕೂ ರಾಯಚೂರಿಗೂ ನಡುವೆ ಭೂಮಿ ಬಾಗಿದೆ ಎಂದು ಯಾವ ಖಜಾನೆ ಅಧಿಕಾರಿಯೂ ಹೆಚ್ಚುವರಿ ಪೈಸೆ ಕೊಟ್ಟಿಲ್ಲ. ಕೊಡಬೇಕಾಗಿಯೂ ಇಲ್ಲ: 50 ಕಿಲೋಮೀಟರಿನಲ್ಲಿ ಬಾಗಿದ ದಾರಿಗೂ ಭೂಮಿಯನ್ನು ಕೊರೆದು ಹೋಗುವ ನೇರ ದಾರಿಗೂ ಇರುವ ವ್ಯತ್ಯಾಸ ಅರ್ಧ ಅಡಿಗಿಂತ ಕಡಿಮೆ.

ಹೊಲ ಅಳೆಯುವವನಿಗಂತೂ ಭೂಮಿ ಚಪ್ಪಟೆಯೇ. ನಮ್ಮ ಕಂದಾಯ ಮೋಜಣಿಯ ಸರಪಳಿ 33 ಅಡಿ. 33 ಅಡಿ ಉದ್ದಗಲದ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಲ್ಯಾಂಬ್ಟನ್ ಕೆಲಸ ಆರಂಭಿಸಿದ ವರ್ಷವೇ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿ ಥಾಮಸ್ ಮನ್ರೊ ಹೊಲಗಳನ್ನು ಅಳೆಸಿ ರೈತವಾರಿ ಕಂದಾಯವನ್ನು ಗೊತ್ತುಮಾಡಿದ. ಮನ್ರೊನ ಸರಪಳಿ ವರ್ಷವರ್ಷವೂ ಹಣ ತಂದಿತು. ಲ್ಯಾಂಬ್ಟನ್‌ನ ಸರಪಳಿ ಖರ್ಚನ್ನಷ್ಟೇ ತಂದಿತು. ಆದರೆ ಹೊಲದ ನಕ್ಷೆಗಳನ್ನು ಕೂಡಿಸಿ ಊರಿನ ನಕ್ಷೆ, ಊರುಗಳನ್ನು ಕೂಡಿಸಿ ತಾಲ್ಲೂಕು, ತಾಲ್ಲೂಕುಗಳನ್ನು ಕೂಡಿಸಿ ದೇಶ ಎಂದು ಹೊಲಿಯುತ್ತ ಹೋದರೆ ಪ್ರತಿ ಹೊಲಿಗೆಯಲ್ಲೂ ಸಣ್ಣ ತಪ್ಪು ಸೇರಿಕೊಳ್ಳುತ್ತದೆ. ಮೊದಲು ಇಡೀ ದೇಶದ ಮೇಲೆ ಅಲುಗದ ಬಿಂದುಗಳನ್ನು ನೆಟ್ಟು, ಆಮೇಲೆ ಅವುಗಳ ನಡುವೆ ಊರುಗಳನ್ನು ಕೂರಿಸಬೇಕು ಎಂಬುದು ಲ್ಯಾಂಬ್ಟನ್‌ನ ವಾದ. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂದು ಕರೆಯುವ ವರ್ಗಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ನನಗೆ ತಿಳಿದಿಲ್ಲ. ಅದನ್ನು ಯಾರೂ ಕೊಳ್ಳುವುದಿಲ್ಲ, ಎಲ್ಲರೂ ಬಳಸುತ್ತಾರೆ.

ಈ ವಾದದ ಬಲ ಬೇಗನೆ ಗೊತ್ತಾಯಿತು. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರ ರೇಖೆಯನ್ನು ಅಳೆದು ಲ್ಯಾಂಬ್ಟನ್ ಕೈ ಪಳಗಿಸಿಕೊಂಡ. ಬಳಸಿದ ಉಕ್ಕಿನ ಸರಪಳಿಗೆ ತನ್ನದೇ ಚರಿತ್ರೆಯಿದೆ: 100 ಅಡಿ ಉದ್ದ, 40 ಕೊಂಡಿಗಳು, ಮೆಕಾರ್ಟ್ನಿ ರಾಯಭಾರದ ಜೊತೆ ಚೀನಾ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ ಅಲ್ಲಿ ಬೇಡವಾಗಿ ಭಾರತಕ್ಕೆ ಬಂದದ್ದು. ಅಧಿಕೃತ ಆರಂಭ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ. ಸರಪಳಿಯನ್ನು ನೆಲದ ಮೇಲೆ ಎಳೆಯುವಂತಿರಲಿಲ್ಲ. ಮುಕ್ಕಾಲಿಗಳ ಮೇಲೆ ಕೂರಿಸಿದ ಮರದ ಪೆಟ್ಟಿಗೆಗಳಲ್ಲಿ ಹಾಸಿ, ಬಿಗಿದು, ಉಷ್ಣಮಾಪಕ ಇಟ್ಟು, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತೆಂದು ಬರೆದುಕೊಂಡು ಮುಂದಿನ 100 ಅಡಿಗೆ ಹೋಗಬೇಕು. ಇದನ್ನು 400 ಸಲ ಮಾಡಿದರು. 57 ದಿನ ಹಿಡಿಯಿತು. ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟ್ ಲಂಡನ್ನಿನಿಂದ ಬರುವಾಗ ಫ್ರೆಂಚರು ಹಡಗನ್ನು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ಪೆಟ್ಟಿಗೆ ತೆರೆದು ನೋಡಿದ ಮೇಲೆ ಅಲ್ಲಿನ ಗವರ್ನರ್ ಅದನ್ನು ಗೌರವದಿಂದ ಮದರಾಸಿಗೆ ಕಳಿಸಿಕೊಟ್ಟ.

ಮದರಾಸಿನಿಂದ ತ್ರಿಕೋನಗಳು ಬೆಂಗಳೂರನ್ನು ತಲುಪಿದಾಗ ಪರೀಕ್ಷೆ ನಡೆಯಿತು. 1804ರಲ್ಲಿ ಸಹಾಯಕ ಜಾನ್ ವಾರೆನ್ ಬೆಂಗಳೂರಿನಲ್ಲಿ ಹೊಸದಾಗಿ ರೇಖೆಯನ್ನು ಅಳೆದ. (ಕೋಲಾರದ ಚಿನ್ನದ ಸುಳಿವನ್ನು ಕಂಪನಿಗೆ ವರದಿ ಮಾಡಿದ ವಾರೆನ್ ಇವನೇ.) ನೂರಾರು ಮೈಲಿಗಳ ಆಚೆಯಿಂದ ತ್ರಿಕೋನಗಳ ಮೂಲಕ ಲೆಕ್ಕಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಸುಮಾರು 3.7 ಇಂಚು. ಸರಣಿ ಮಂಗಳೂರಿನ ಕರಾವಳಿ ಮುಟ್ಟಿದ ಮೇಲೆ ತಿಳಿದ ಸಂಗತಿ ಆಡಳಿತಗಾರರನ್ನು ಬೆಚ್ಚಿಬೀಳಿಸುವಂಥದ್ದು. ಈ ಅಕ್ಷಾಂಶದಲ್ಲಿ ಪರ್ಯಾಯದ್ವೀಪದ ಅಗಲ 400 ಮೈಲಿ ಎಂದು ನಂಬಿದ್ದರು, ಇದ್ದದ್ದು 360. ಒಂದು ಗುಂಡೂ ಹಾರದೆ 40 ಮೈಲಿ ಕರಗಿಹೋಗಿತ್ತು. ಪಲ್ಲಕ್ಕಿ ಹೊರುವವರಿಗೆ ದಾರಿ ಗೊತ್ತಿತ್ತು ನಿಜ, ಅಗಲ ಯಾರಿಗೂ ಗೊತ್ತಿರಲಿಲ್ಲ.

ಬಾಗಿದ ನೆಲದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಯಾವುದು? ಭೂಮಿಯನ್ನು ಚೆಂಡೆಂದು ಎಣಿಸಿದರೆ, ಎರಡೂ ಊರುಗಳನ್ನು ಹಾಯ್ದು ಚೆಂಡನ್ನು ಸರಿಯಾಗಿ ಎರಡು ಹೋಳು ಮಾಡುವ ಮಹಾವೃತ್ತದ ತುಣುಕು. ಗೋಡೆಯ ನಕ್ಷೆಯಲ್ಲಿ ಅದು ನೇರವಾಗಿ ಕಾಣುವುದಿಲ್ಲ. 2021ರ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದಿಳಿಸಿದಾಗ ಹಲವರು ಅದನ್ನು ಸಾಹಸದ ಸುತ್ತುದಾರಿ ಎಂದುಕೊಂಡರು. ಅತಿ ಹತ್ತಿರದ ದಾರಿಯೇ ಆ ಕಡೆಯಿಂದ ಬರುತ್ತದೆ. ಸಣ್ಣ ದೂರಗಳಿಗೆ ಲೆಕ್ಕ ಇನ್ನೂ ಸುಲಭ. ರಾಯಚೂರಿನ ಆಸುಪಾಸಿನಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್, ರೇಖಾಂಶದ ಒಂದು ಡಿಗ್ರಿ ಸುಮಾರು 107. ಸಮಭಾಜಕದಲ್ಲಿ 111ಕ್ಕೂ ತುಸು ಹೆಚ್ಚಿರುವ ಈ ಎರಡನೆಯ ಸಂಖ್ಯೆ ಉತ್ತರಕ್ಕೆ ಹೋದಂತೆ ಕುಗ್ಗಿ ಧ್ರುವದಲ್ಲಿ ಸೊನ್ನೆಯಾಗುತ್ತದೆ. ಎರಡು ಊರುಗಳ ಅಕ್ಷಾಂಶ, ರೇಖಾಂಶಗಳ ಅಂತರವನ್ನು ಇವುಗಳಿಂದ ಗುಣಿಸಿ ಪೈಥಾಗೊರಸನ ಸೂತ್ರಕ್ಕೆ ಹಾಕಿದರೆ ಮಾನ್ವಿಯ ದೂರ ಸಾಕಷ್ಟು ಸರಿಯಾಗಿ ಸಿಗುತ್ತದೆ.

ಆದರೆ ಭೂಮಿ ಸರಿಯಾದ ಚೆಂಡೂ ಅಲ್ಲ. ಧ್ರುವಗಳಲ್ಲಿ ಅದು ತುಸು ಅದುಮಿದಂತಿದೆ ಎಂದು ನ್ಯೂಟನ್ ಊಹಿಸಿದ್ದ. ಹಾಗಿದ್ದರೆ ಉತ್ತರಕ್ಕೆ ಹೋದಂತೆ ಅಕ್ಷಾಂಶದ ಡಿಗ್ರಿ ಸ್ವಲ್ಪ ಸ್ವಲ್ಪ ಉದ್ದವಾಗಬೇಕು. ಎಷ್ಟು ಉದ್ದವಾಗುತ್ತದೆ ಎಂಬುದು ತಿಳಿಯದೆ ದೂರದ ಎರಡು ಊರುಗಳ ನಡುವಿನ ಅಂತರವನ್ನು ಕರಾರುವಾಕ್ಕಾಗಿ ಹೇಳಲಾಗದು. ಲ್ಯಾಂಬ್ಟನ್ ಸಮಭಾಜಕದ ಕಡೆಯ ಡಿಗ್ರಿಗಳನ್ನು ಅಳೆಯಲು ಹಟ ಹಿಡಿದದ್ದು ಇದಕ್ಕೆ.

ವಿಧಾನ ಹೀಗೆ: ಒಂದು ರೇಖೆಯನ್ನು ಸರಪಳಿಯಿಂದ ಅಳೆ, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದರ ಕೋನ ನೋಡು, ಉಳಿದೆರಡು ಬಾಹುಗಳನ್ನು ಲೆಕ್ಕದಿಂದ ಪಡೆ, ಆ ಬಾಹುಗಳ ಮೇಲೆ ಮುಂದಿನ ತ್ರಿಕೋನ ಕಟ್ಟು. ಪ್ರತಿ ತ್ರಿಕೋನದಲ್ಲೂ ಆ ಕೆಲವು ಸೆಕೆಂಡುಗಳ ಹೆಚ್ಚುವರಿಯನ್ನು ಕಳೆಯಬೇಕು. ಮೂರು ಕೋನಗಳಿಂದಲೂ ಅದರ ಮೂರನೇ ಒಂದು ಪಾಲನ್ನು ತೆಗೆದು ಸಾಮಾನ್ಯ ತ್ರಿಕೋನದಂತೆ ಲೆಕ್ಕ ಮಾಡಬಹುದೆಂಬ ಉಪಾಯವನ್ನು ಫ್ರಾನ್ಸಿನ ಲೆಜಾಂಡ್ರ 1787ರಲ್ಲಿ ತೋರಿಸಿದ್ದ. ತೊಡಕು ಕಾಗದದ ಮೇಲಿಗಿಂತ ನೆಲದ ಮೇಲೆಯೇ ಹೆಚ್ಚು. 50 ಕಿಲೋಮೀಟರ್ ಅಂತರದ ಎರಡು ಊರುಗಳ ನಡುವೆ, ಸಮತಟ್ಟಾದ ಬಯಲಿನಲ್ಲೂ, ನೆಲ ಸುಮಾರು 50 ಮೀಟರ್ ಉಬ್ಬಿ ಅಡ್ಡ ನಿಲ್ಲುತ್ತದೆ. ಆದ್ದರಿಂದ ಗುಡ್ಡ ಬೇಕು, ಕೋಟೆ ಬುರುಜು ಬೇಕು, ಏನೂ ಇಲ್ಲದ ಕಡೆ ದೇವಾಲಯದ ಗೋಪುರ ಬೇಕು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಕೈಕೊಟ್ಟು ಥಿಯೊಡೊಲೈಟ್ ಗೋಡೆಗೆ ಅಪ್ಪಳಿಸಿತು. ಅದರ ಮುಖ್ಯ ವೃತ್ತವೇ ಸೊಟ್ಟಗಾಯಿತು. ಲ್ಯಾಂಬ್ಟನ್ ಗುಡಾರದೊಳಗೆ ಸೇರಿಕೊಂಡು ಆರು ವಾರ ಕಾಲ ಅದನ್ನು ಎಳೆದು, ತಟ್ಟಿ, ಹಿಂದಿನ ಆಕಾರಕ್ಕೆ ತಂದ. ಅದೇ ಉಪಕರಣ ಆಮೇಲೆಯೂ ಹಲವು ವರ್ಷ ದುಡಿಯಿತು.

ದಕ್ಷಿಣದ ತುದಿಯನ್ನು 1809ರಲ್ಲಿ ಮುಟ್ಟಿ ಆತ ಉತ್ತರಕ್ಕೆ ತಿರುಗಿದ. 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರಿನ ಬಳಿ ಆಧಾರ ರೇಖೆಗಳನ್ನು ಅಳೆದ. ಇವೆರಡರ ನಡುವಿನ ಅಂತರ ಸುಮಾರು ಮೂರು ಡಿಗ್ರಿ, ಅಂದರೆ 325 ಕಿಲೋಮೀಟರ್. ರಾಯಚೂರು ಸೀಮೆ ಈ ಹಾದಿಯ ಪಕ್ಕದಲ್ಲೇ ಇದೆ. ಆತನ ದಕ್ಷಿಣೋತ್ತರ ಗೆರೆಯನ್ನು ಇಂದಿನ ನಕ್ಷೆಯಲ್ಲಿ ಎಳೆದರೆ ಅದು ಮಂತ್ರಾಲಯಕ್ಕೂ ಕರ್ನೂಲಿಗೂ ನಡುವೆ ತುಂಗಭದ್ರೆಯನ್ನು ದಾಟಿ, ರಾಯಚೂರಿನಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರಿನಲ್ಲಿ, ಗದ್ವಾಲದ ಕಡೆಗೆ ಕೃಷ್ಣೆಯನ್ನು ದಾಟುತ್ತದೆ. ಅದು ಆಗ ನಿಜಾಮನ ರಾಜ್ಯ. ಬೇಸಿಗೆಯಲ್ಲಿ ಈ ಕಪ್ಪುಮಣ್ಣಿನ ಸೀಮೆಯನ್ನು ಕಂಡವರಿಗೆ ಗೊತ್ತು, ಧೂಳು ಮತ್ತು ಬಿಸಿಗಾಳಿಯಲ್ಲಿ ಎರಡು ಹರದಾರಿ ಆಚೆಯ ಗುಡ್ಡವೂ ನಡುಗುತ್ತದೆ. ಅಂಥ ಗಾಳಿಯ ಮೂಲಕ ಸೆಕೆಂಡುಗಳ ಲೆಕ್ಕದಲ್ಲಿ ಕೋನ ಹಿಡಿಯಬೇಕಿತ್ತು. ಸೈನ್ಯದ ಗುಡಾರಗಳಂಥ ಗುಡಾರ ಹಾಕಿ, ಬಾವುಟ ನೆಟ್ಟು, ಕೋಟೆ ಗುಡ್ಡಗಳ ಮೇಲೆ ದೂರದರ್ಶಕ ಇಡುವವರನ್ನು ಊರಿನವರು ಅನುಮಾನದಿಂದ ನೋಡಿದ್ದರಲ್ಲಿ ತಪ್ಪಿರಲಿಲ್ಲ. ಬಂದವರು ಗಣಿತ ಮಾಡುತ್ತಿದ್ದರು, ಆ ಗಣಿತದ ಖರ್ಚು ಕೊಡುತ್ತಿದ್ದುದು ರಾಜ್ಯಗಳನ್ನು ನುಂಗುತ್ತಿದ್ದ ಕಂಪನಿ.

ಒಂದು ಒಗಟು ಆತನನ್ನು ಕಾಡಿತು. ಬೆಂಗಳೂರಿನ ದೊಡ್ಡಗುಂಟ ಠಾಣೆಯಲ್ಲಿ ನಕ್ಷತ್ರಗಳಿಂದ ಪಡೆದ ಅಕ್ಷಾಂಶ ತ್ರಿಕೋನಗಳ ಲೆಕ್ಕಕ್ಕೆ ಹೊಂದಲಿಲ್ಲ. ತೂಗುಗುಂಡಿನ ದಾರ ನೇರ ಕೆಳಕ್ಕೆ ತೂಗಬೇಕು. ನೆಲದಡಿಯಲ್ಲಿ ಭಾರವಾದ ಅದಿರಿದ್ದರೆ ಅದು ಆ ಕಡೆಗೆ ಕೂದಲೆಳೆಯಷ್ಟು ವಾಲುತ್ತದೆ. ಕಾರಣ ಇದೇ ಇರಬೇಕೆಂದು ಲ್ಯಾಂಬ್ಟನ್ ಊಹಿಸಿದ. ಕಣ್ಣಿಗೆ ಕಾಣುವ ಪರ್ವತವಿಲ್ಲದ ಬಯಲಿನಲ್ಲೂ ಭೂಗರ್ಭ ತೂಗುಗುಂಡನ್ನು ಎಳೆಯಬಲ್ಲದೆಂಬ ಈ ಯೋಚನೆ ಮುಂದೆ ಭೂಗುರುತ್ವದ ಅಧ್ಯಯನದಲ್ಲಿ ಬಲು ದೂರ ಹೋಯಿತು.

ಬೀದರು ಮುಟ್ಟುವ ವೇಳೆಗೆ ಆತನ ಗೆರೆ ಸುಮಾರು ಹತ್ತು ಡಿಗ್ರಿ ಉದ್ದವಾಗಿತ್ತು. ಫ್ರೆಂಚ್ ಅಕಾಡೆಮಿ ಆತನನ್ನು ಗೌರವಿಸಿತು, ಇಂಗ್ಲೆಂಡಿನ ರಾಯಲ್ ಸೊಸೈಟಿಯೂ ಸದಸ್ಯತ್ವ ಕೊಟ್ಟಿತು. 1818ರಲ್ಲಿ ಮೋಜಣಿ ಮದರಾಸಿನ ಕೈಯಿಂದ ಗವರ್ನರ್ ಜನರಲ್‌ನ ಅಧೀನಕ್ಕೆ ಹೋಗಿ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಎಂಬ ಹೆಸರು ಪಡೆಯಿತು. ಎವರೆಸ್ಟ್ ಸಹಾಯಕನಾಗಿ ಬಂದ. ಮರುವರ್ಷ ಕೃಷ್ಣಾ–ಗೋದಾವರಿ ನಡುವಿನ ಕಾಡಿನಲ್ಲಿ ಎವರೆಸ್ಟ್‌ನ ತಂಡವೇ ಜ್ವರಕ್ಕೆ ತುತ್ತಾಯಿತು. ಆತ ಚೇತರಿಸಿಕೊಳ್ಳಲು ಆಫ್ರಿಕಾದ ಕೇಪ್‌ಗೆ ಹೋಗಬೇಕಾಯಿತು. ಲ್ಯಾಂಬ್ಟನ್ ಎಲ್ಲಿಗೂ ಹೋಗಲಿಲ್ಲ. ಭಾರತಕ್ಕೆ ಬಂದ ಮೇಲೆ ಇಂಗ್ಲೆಂಡಿಗೆ ಮರಳಲೇ ಇಲ್ಲ. ಹೈದರಾಬಾದಿನಲ್ಲಿ ಮನೆಮಾಡಿಕೊಂಡಿದ್ದ, ಇಲ್ಲಿಯೇ ಮಕ್ಕಳಾದರು. ಎಪ್ಪತ್ತರ ಹತ್ತಿರದಲ್ಲಿ, ಕೆಮ್ಮಿನಿಂದ ನರಳುತ್ತ, ಕಚೇರಿಯನ್ನು ನಾಗಪುರಕ್ಕೆ ಸಾಗಿಸುವ ದಾರಿಯಲ್ಲಿ 1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ.

ಆತನ ಸಹಾಯಕರಲ್ಲಿ ಜೋಶುವಾ ಡಿ ಪೆನಿಂಗ್‌ನಂಥವರು ಮದರಾಸಿನ ಅನಾಥಾಲಯದ ಮೋಜಣಿ ಶಾಲೆಯಿಂದ ಬಂದವರು; ಅವರ ಹೆಸರುಗಳು ದಾಖಲೆಯಲ್ಲಿವೆ. ಸರಪಳಿ ಹೊತ್ತ, ಪೊದೆ ಕಡಿದು ನೋಟ ತೆರವು ಮಾಡಿದ, ಬಾವುಟ ಹಿಡಿದು ಗುಡ್ಡದ ಮೇಲೆ ದಿನಗಟ್ಟಲೆ ಕಾದ, ಜ್ವರದಲ್ಲಿ ಸತ್ತ ಖಲಾಸಿಗಳ ಹೆಸರುಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಥಿಯೊಡೊಲೈಟನ್ನು ಗೋಪುರಕ್ಕೆ ಏರಿಸಿದ ಕೈಗಳು ಅವರವೇ.

ಲ್ಯಾಂಬ್ಟನ್‌ನ ಅಳತೆಗಳನ್ನು ಸೇರಿಸಿಕೊಂಡು ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಅಂಕಿಗಳನ್ನು ಪ್ರಕಟಿಸಿದ. ಆತನ ಲೆಕ್ಕದ ಸಮಭಾಜಕ ತ್ರಿಜ್ಯ ಇಂದು ಉಪಗ್ರಹಗಳಿಂದ ತಿಳಿದ 6378 ಕಿಲೋಮೀಟರ್‌ಗಿಂತ ಸುಮಾರು 860 ಮೀಟರ್ ಮಾತ್ರ ಕಡಿಮೆ. ಭಾರತದ ಸರ್ವೇ ಇಲಾಖೆಯ ನಕ್ಷೆಗಳು ಸ್ವಾತಂತ್ರ್ಯಾನಂತರವೂ ಆ ಅಂಕಿಗಳನ್ನೇ ಆಧರಿಸಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕ ಬಳಕೆಯ ನಕ್ಷೆಗಳು ಜಿಪಿಎಸ್ ಬಳಸುವ ಆಧಾರಕ್ಕೆ ಬದಲಾದವು. ಬೆಂಗಳೂರಿನ ಆಧಾರ ರೇಖೆಯನ್ನು ಇಲಾಖೆ 1868ರಲ್ಲಿ ಮತ್ತೊಮ್ಮೆ ಅಳೆಯಿತು. ಅದರ ಒಂದು ತುದಿಯನ್ನು ಗುರುತಿಸುತ್ತಿದ್ದ ಪುಟ್ಟ ವೀಕ್ಷಣಾಲಯ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರು ಗ್ರಾಮದಲ್ಲಿ ಒಂದೂವರೆ ಶತಮಾನ ನಿಂತಿತ್ತು. 2024ರಲ್ಲಿ ಅದು ನೆಲಕ್ಕುರುಳಿತು.